ಟ್ಯಾರೋ ಕಾರ್ಡ್ ಹಿಡಿದು ನಮ್ಮನ್ನು ನಾವೇ ಓದಿಕೊಳ್ಳುವುದು: ಹೊಸಬರಿಗೆ ಹಂತ ಹಂತವಾಗಿ

"ಟ್ಯಾರೋ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?" ಕಲಬುರಗಿಯಿಂದಷ್ಟೇ ಅಲ್ಲ, ಆಳಂದ, ಜೇವರ್ಗಿ, ಸೇಡಂ ಕಡೆಯ ಓದುಗರಿಂದಲೂ ಈ ಪ್ರಶ್ನೆ ಬರುತ್ತಲೇ ಇದೆ. ಅದರ ಬೆನ್ನಿಗೇ ಇನ್ನೂ ಮೂರು ಬರುತ್ತವೆ. ಇದು ಭವಿಷ್ಯ ಹೇಳುತ್ತಾ? ಮನೆಯಲ್ಲಿ ಇಟ್ಟುಕೊಂಡರೆ ಕೆಡುಕಾಗುತ್ತಾ? 78 ಕಾರ್ಡಿನ ಅರ್ಥವನ್ನೂ ಬಾಯಿಪಾಠ ಮಾಡಬೇಕಾ? ಮೂರಕ್ಕೂ ನನ್ನ ಉತ್ತರ ಒಂದೇ: ಇಲ್ಲ.

ಟ್ಯಾರೋ ಅಂದರೆ ಚಿತ್ರಗಳಿರುವ 78 ಕಾರ್ಡಿನ ಒಂದು ಕಟ್ಟು. ನಾಳೆ ಏನಾಗುತ್ತದೆ ಅಂತ ಕಾರ್ಡಿಗೆ ಗೊತ್ತಿಲ್ಲ. ಅದು ಅಚ್ಚಾದ ರಟ್ಟು, ಅಷ್ಟೇ. ಆದರೆ ಆ ರಟ್ಟಿನ ಮೇಲೊಂದು ಚಿತ್ರ ಇದೆ. ಅದನ್ನು ನೋಡಿದ ಕೂಡಲೇ ನಿಮ್ಮ ಬಾಯಿಂದ ಬರುವ ಮೊದಲ ಮಾತು ಮಾತ್ರ ನಿಮ್ಮದೇ. ಆ ಮಾತಿನ ಎಳೆ ಹಿಡಿದು ಒಳಗೆ ಏನು ನಡೆದಿದೆ ಅಂತ ನೋಡುವುದು, ನೋಡಿದ್ದನ್ನು ಬರೆಯುವುದು. ಈ ಲೇಖನದಲ್ಲಿ ಇರುವುದು ಇಷ್ಟೇ. ಜಾತ್ರೆಯಲ್ಲಿ ಗಿಳಿ ಎತ್ತಿಕೊಟ್ಟ ಕಾರ್ಡ್ ನೋಡಿ ಶಾಸ್ತ್ರ ಹೇಳುವವರನ್ನು ಕಂಡಿದ್ದೀರಿ ಅಲ್ವಾ? ಅಲ್ಲಿ ಓದುವವರು ಅವರು, ಕೇಳುವವರು ನೀವು. ಇಲ್ಲಿ ಎರಡೂ ನೀವೇ. ಭವಿಷ್ಯವೇ ಬೇಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಿದರೆ ಅವರ ಹೊತ್ತು ಉಳಿಯುತ್ತದೆ.

ಸ್ವಲ್ಪ ಹಿನ್ನೆಲೆ

ಹೆದರಿಕೆ ಹೋಗಬೇಕಾದರೆ ಇದರ ಚರಿತ್ರೆ ತಿಳಿದಿರಬೇಕು. ಟ್ಯಾರೋ ಹುಟ್ಟಿದ್ದು 15ನೇ ಶತಮಾನದಲ್ಲಿ, ಉತ್ತರ ಇಟಲಿಯಲ್ಲಿ, ಇಸ್ಪೀಟಿನ ಹಾಗೆ ಕೂತು ಆಡುವ ಆಟವಾಗಿ. ಮಿಲಾನಿನ ದೊರೆ ಮನೆತನ ಬಂಗಾರದ ರೇಕು ಹಚ್ಚಿಸಿ ಮಾಡಿಸಿಕೊಂಡ ಕಾರ್ಡ್‌ಗಳು ಇವತ್ತಿಗೂ ಮ್ಯೂಸಿಯಂಗಳಲ್ಲಿವೆ. ಮುಂದಿನ ಎರಡು ಮೂರು ಶತಮಾನ ಬಹುಪಾಲು ಜನರಿಗೆ ಅದು ಬರೀ ಆಟ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಎಂಬ ವಿದ್ವಾಂಸ ಇದು ಪ್ರಾಚೀನ ಈಜಿಪ್ಟಿನ ಗುಪ್ತ ವಿದ್ಯೆ ಅಂತ ಬರೆದ. ಅದಕ್ಕೆ ಆಧಾರ ಇರಲಿಲ್ಲ. ಆದರೆ ಕಥೆ ಚೆನ್ನಾಗಿತ್ತು, ಹಬ್ಬಿತು. ಭವಿಷ್ಯ ಹೇಳುವ ಕಸುಬು ಅದರ ಹಿಂದೆಯೇ ಬೆಳೆಯಿತು.

ನಮಗೆ ಬೇಕಾದ ಇಸವಿ 1909. ಆ ವರ್ಷ ಲಂಡನ್ನಿನ ರೈಡರ್ ಪ್ರಕಾಶನ ಹೊಸ ಕಾರ್ಡ್‌ಗಳನ್ನು ತಂದಿತು. ಯೋಜನೆ ಆರ್ಥರ್ ವೇಟ್ ಎಂಬಾತನದು, ಚಿತ್ರ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆಯದು. ಅದಕ್ಕೂ ಮೊದಲಿನ ಹೆಚ್ಚಿನ ಕಾರ್ಡ್‌ಗಳಲ್ಲಿ ಅಂಕಿ ಎಲೆಗಳ ಮೇಲೆ ಬರೀ ಐದು ಬಟ್ಟಲು, ಏಳು ಕತ್ತಿ, ಹೀಗೆ ಎಣಿಕೆ ಇರುತ್ತಿತ್ತು. ಸ್ಮಿತ್ ಒಂದೊಂದರ ಮೇಲೂ ಮನುಷ್ಯರಿರುವ ಸನ್ನಿವೇಶ ಬರೆದಳು. ನಾವು ಇವತ್ತು ಕಾರ್ಡ್ ನೋಡಿ ಏನಾದರೂ ಯೋಚಿಸಲು ಆಗುತ್ತಿರುವುದು ಅದರಿಂದಲೇ. ಕೆಲಸ ದೊಡ್ಡದು, ಕೊಟ್ಟ ದುಡ್ಡು ತೀರಾ ಕಡಿಮೆ ಅಂತ ಆಕೆ ಒಂದು ಪತ್ರದಲ್ಲಿ ಬರೆದುಕೊಂಡಿದ್ದಾಳೆ. ಕಾರ್ಡಿಗೆ ಬಹಳ ಕಾಲ ನಿಂತ ಹೆಸರು ಮಾತ್ರ ಕಂಪನಿಯದು ಮತ್ತು ವೇಟ್‌ನದು. ಇದು ನನಗೆ ಇಂದಿಗೂ ಸರಿ ಕಾಣದ ಸಂಗತಿ.

ಚಿತ್ರದ ಕಾರ್ಡು ನಮ್ಮ ನಾಡಿಗೂ ಹೊಸದಲ್ಲ. ದಶಾವತಾರದ ಚಿತ್ರಗಳಿರುವ ದುಂಡನೆಯ ಗಂಜೀಫಾ ಎಲೆಗಳನ್ನು ನಮ್ಮ ಅರಮನೆಗಳಲ್ಲಿ ಆಡುತ್ತಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಇಂಥ ಹೊಸ ಆಟಗಳನ್ನು ರೂಪಿಸಿದ್ದರು. ಹಾಗಾಗಿ "ಇದೇನೋ ಮಾಟದ ಸಾಮಾನು" ಅಂತ ಮನೆಯಲ್ಲಿ ಯಾರಾದರೂ ಅಂದರೆ, ಬಚ್ಚಿಡಬೇಡಿ. ಪೆಟ್ಟಿಗೆ ತೆಗೆದು ಚಿತ್ರ ತೋರಿಸಿ. ಬಚ್ಚಿಟ್ಟಷ್ಟೂ ಅನುಮಾನ ಜಾಸ್ತಿ.

ಹಂತ 1: ಕಾರ್ಡಿನ ಕಟ್ಟು ತಂದುಕೊಳ್ಳುವುದು

ಬೇಕಾದ ಸಾಮಾನು ಕಡಿಮೆ. ಒಂದು ಕಟ್ಟು ಕಾರ್ಡು, ಇದನ್ನೇ ಡೆಕ್ ಅನ್ನುತ್ತಾರೆ. ಇನ್ನೂರು ಪುಟದ ಒಂದು ನೋಟ್‌ಬುಕ್, ಪೆನ್ನು, ಹಾಸಲು ಜಮಖಾನ, ದಿನಕ್ಕೆ ಇಪ್ಪತ್ತು ನಿಮಿಷ.

ಮೊದಲ ಡೆಕ್ 1909ರ ಚಿತ್ರಗಳದ್ದೇ ಇರಲಿ. ರೈಡರ್ ವೇಟ್, ಅಥವಾ ರೈಡರ್ ವೇಟ್ ಸ್ಮಿತ್ ಅನ್ನುವ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬೆಕ್ಕಿನ ಚಿತ್ರದ್ದು, ಅಪ್ಸರೆಯರದ್ದು, ಹೊಳೆಯುವ ಅಂಚಿನದ್ದು ಕಣ್ಣಿಗೆ ಬೀಳುತ್ತವೆ, ಅವನ್ನೆಲ್ಲ ಆಮೇಲೆ ನೋಡೋಣ. ಪೆಟ್ಟಿಗೆಯ ಮೇಲೆ 78 ಅಂತ ಇದೆಯಾ ನೋಡಿ. "ಒರಾಕಲ್ ಕಾರ್ಡ್" ಅಂತ ಇದ್ದರೆ ಅದು ಬೇರೆ. ಅದಕ್ಕೆ ಗೊತ್ತಾದ ಸಂಖ್ಯೆ ಇಲ್ಲ, ಮಾಡಿದವರು ಇಟ್ಟದ್ದೇ ಲೆಕ್ಕ. "ಮಾರ್ಸೇ" ಅಂತ ಇದ್ದರೆ ಅದು ಹಳೆಯ ಫ್ರೆಂಚ್ ಮಾದರಿ. ಅಂಕಿ ಕಾರ್ಡ್‌ಗಳಲ್ಲಿ ಸನ್ನಿವೇಶದ ಚಿತ್ರ ಇರುವುದಿಲ್ಲ, ಹಾಗಾಗಿ ಹೊಸಬರಿಗೆ ಕಷ್ಟ.

ಈಗಲೇ ದುಡ್ಡು ಹಾಕುವುದು ಬೇಡ ಅಂದರೆ ಇನ್ನೊಂದು ದಾರಿ ಇದೆ. 1909ರ ಮೂಲ ಚಿತ್ರಗಳ ಹಕ್ಕುಸ್ವಾಮ್ಯ ಭಾರತದಲ್ಲಿ ಮುಗಿದಿದೆ, ಇಂಟರ್‌ನೆಟ್‌ನಲ್ಲಿ ಚಿತ್ರಗಳು ಸಿಗುತ್ತವೆ. ಎ4 ಹಾಳೆಗೆ ಆರರಂತೆ ಹೊಂದಿಸಿದರೆ ಸರಿಯಾಗಿ 13 ಹಾಳೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಯಾವುದಾದರೂ ಡಿಜಿಟಲ್ ಪ್ರಿಂಟ್ ಅಂಗಡಿಯಲ್ಲಿ ಮದುವೆ ಕಾರ್ಡಿಗೆ ಬಳಸುವ ದಪ್ಪ ರಟ್ಟಿನ ಮೇಲೆ ತೆಗೆಸಿ, ಕತ್ತರಿಸಿಕೊಳ್ಳಿ. ಎರಡು ವಿಷಯ ನೋಡಿಕೊಳ್ಳಿ. ಹಿಂಬದಿ ಎಲ್ಲಕ್ಕೂ ಒಂದೇ ಥರ ಇರಬೇಕು, ಇಲ್ಲವಾದರೆ ಎತ್ತುವ ಮೊದಲೇ ಯಾವ ಕಾರ್ಡ್ ಅಂತ ಗೊತ್ತಾಗಿಬಿಡುತ್ತದೆ. ತೆಳು ಹಾಳೆ ಬೇಡ, ಬೆಳಕಿಗೆ ಹಿಡಿದರೆ ಚಿತ್ರ ಹಾಯುತ್ತದೆ.

ಮೊದಲ ಡೆಕ್ ಉಡುಗೊರೆಯಾಗಿಯೇ ಬರಬೇಕು, ಹುಣ್ಣಿಮೆ ಬೆಳಕಿನಲ್ಲಿ ಇಟ್ಟು ಶುದ್ಧ ಮಾಡಬೇಕು, ಬೇರೆಯವರು ಮುಟ್ಟಬಾರದು, ರೇಷ್ಮೆ ಬಟ್ಟೆಯಲ್ಲೇ ಸುತ್ತಬೇಕು. ಇಂಥ ಮಾತು ಬೇಕಾದಷ್ಟು ಕೇಳುತ್ತೀರಿ. ಯಾವುದೂ ಬೇಕಿಲ್ಲ. ನಮ್ಮೂರಲ್ಲಿ ಕಾರ್ಡಿಗೆ ನಿಜವಾದ ಶತ್ರು ಧೂಳು ಮತ್ತು ಬೆವರು. ಮೇ ತಿಂಗಳಲ್ಲಿ ನುಣುಪು ಲೇಪದ ಕಾರ್ಡ್‌ಗಳು ಕೈಗೆ ಅಂಟುತ್ತವೆ, ಅಂಚು ಕಪ್ಪಾಗುತ್ತದೆ. ಕೈ ತೊಳೆದು ಒರೆಸಿಕೊಂಡು ಕೂತುಕೊಳ್ಳಿ. ಇನ್ನು ಸೀಲಿಂಗ್ ಫ್ಯಾನ್. ಅದನ್ನು ಆರಿಸದೆ ಕಾರ್ಡ್ ಹರಡಿದರೆ ಅರ್ಧ ಮಂಚದ ಕೆಳಗೆ ಹೋಗುತ್ತವೆ. ಬೆಳಗಿನ ತಂಪಿನಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಹಂತ 2: ಮುಖ ಪರಿಚಯ

ಮೊದಲ ದಿನ ಏನೂ ಕೇಳಬೇಡಿ. ಎಲ್ಲ 78 ಕಾರ್ಡ್‌ಗಳನ್ನೂ ಮುಖ ಮೇಲೆ ಮಾಡಿ ಜಮಖಾನದ ಮೇಲೆ ಹರಡಿ, ಸುಮ್ನೆ ನೋಡಿ.

ಇದರಲ್ಲಿ ಎರಡು ಗುಂಪುಗಳಿವೆ. 22 ಕಾರ್ಡಿನ ಮೊದಲ ಗುಂಪಿಗೆ ಮೇಜರ್ ಆರ್ಕಾನಾ ಅಂತ ಹೆಸರು. 0ಯಿಂದ 21ರವರೆಗೆ ಅಂಕಿ (0 ಬಿಟ್ಟು ಉಳಿದವು ರೋಮನ್ ಅಂಕಿ), ಕೆಳಗೆ ಹೆಸರು: ಫೂಲ್ ಅನ್ನುವ ಅಲೆಮಾರಿ ಹುಡುಗ, ಹರ್ಮಿಟ್ ಅನ್ನುವ ದೀಪ ಹಿಡಿದ ಮುದುಕ, ಕೊನೆಗೆ ವರ್ಲ್ಡ್. ಇವು ಬದುಕಿನ ದೊಡ್ಡ ತಿರುವುಗಳ ಚಿತ್ರ ಅಂತಿಟ್ಟುಕೊಳ್ಳಿ.

ಉಳಿದ 56 ಮೈನರ್ ಆರ್ಕಾನಾ, ದಿನನಿತ್ಯದ ಸಂಗತಿಗಳು. ಇಸ್ಪೀಟು ಆಡಿದವರಿಗೆ ಇದು ಕೂಡಲೇ ಹತ್ತುತ್ತದೆ. ನಾಲ್ಕು ಬಣ್ಣ, ಒಂದೊಂದರಲ್ಲಿ 14. ವಾಂಡ್ಸ್ ಅಂದರೆ ಕೋಲು: ಹುರುಪು, ಕೆಲಸ, ಹಟ. ಕಪ್ಸ್ ಅಂದರೆ ಬಟ್ಟಲು: ಪ್ರೀತಿ, ದುಃಖ, ಸಂಬಂಧ. ಸ್ವೋರ್ಡ್ಸ್ ಅಂದರೆ ಕತ್ತಿ: ಯೋಚನೆ, ಮಾತು, ಜಗಳ. ಪೆಂಟಕಲ್ಸ್ ಅಂದರೆ ನಕ್ಷತ್ರ ಕೊರೆದ ನಾಣ್ಯ: ದುಡ್ಡು, ಮೈ, ಮನೆ, ಹೊಲ. ಪ್ರತಿ ಬಣ್ಣದಲ್ಲಿ ಒಂದರಿಂದ ಹತ್ತು ಅಂಕಿ, ಆಮೇಲೆ ನಾಲ್ವರು ಜನ: ಪೇಜ್ ಅನ್ನುವ ಹುಡುಗ, ನೈಟ್ ಅನ್ನುವ ಕುದುರೆ ಸವಾರ, ರಾಣಿ, ರಾಜ. ಈ ಹದಿನಾರು ಜನ ಎಲ್ಲರಿಗೂ ತಲೆನೋವು. "ಕಪ್ಪು ಕೂದಲಿನ ಗಂಡಸು ಬರುತ್ತಾನೆ" ಅಂತ ಹಳೆಯ ಪುಸ್ತಕಗಳು ಹೇಳುತ್ತವೆ, ಬಿಟ್ಟುಬಿಡಿ. ನಮ್ಮೂರಲ್ಲಿ ಕಪ್ಪು ಕೂದಲಿಲ್ಲದವರು ಯಾರಿದ್ದಾರೆ? ಇವು ನಿಮ್ಮೊಳಗಿನ ನಡತೆಗಳು ಅಂತ ತಿಳಿಯಿರಿ. ಕತ್ತಿಯ ಸವಾರ ಬಂದರೆ, ಯೋಚಿಸದೆ ಮಾತಿನಲ್ಲಿ ನುಗ್ಗುವ ನಿಮ್ಮದೇ ಗುಣ.

ಈಗ ಒಂದು ಕೆಲಸ. ಎಲ್ಲ ಕಾರ್ಡನ್ನೂ ಮೂರು ಗುಡ್ಡೆ ಮಾಡಿ: ಇಷ್ಟವಾದದ್ದು, ಇಷ್ಟವಾಗದ್ದು, ಏನೂ ಅನಿಸದ್ದು. ಬೇಗ ಬೇಗ ಮಾಡಿ, ಯೋಚಿಸಬೇಡಿ. ಇಷ್ಟವಾಗದ ಗುಡ್ಡೆಯ ಹೆಸರುಗಳನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಡಿ. ಮುಂದೆ ಬೇಕಾಗುತ್ತದೆ.

ಆ ಗುಡ್ಡೆಯಲ್ಲಿ ಡೆತ್ ಕಾರ್ಡ್ ಇದ್ದೇ ಇರುತ್ತದೆ, ಗೊತ್ತು. ಎದೆ ಝಲ್ ಅನ್ನುವ ಮೊದಲು ಪೂರ್ತಿ ಚಿತ್ರ ನೋಡಿ. ರಕ್ಷಾಕವಚ ತೊಟ್ಟ ಅಸ್ಥಿಪಂಜರ ಬಿಳಿ ಕುದುರೆ ಮೇಲಿದೆ, ಕೈಯಲ್ಲಿ ಬಿಳಿ ಗುಲಾಬಿಯ ಕಪ್ಪು ಬಾವುಟ. ರಾಜ ಕೆಳಗೆ ಬಿದ್ದಿದ್ದಾನೆ, ಪಾದ್ರಿ ಕೈ ಜೋಡಿಸಿದ್ದಾನೆ, ಒಂದು ಮಗು ಮಾತ್ರ ಹೆದರದೆ ತಲೆಯೆತ್ತಿ ನೋಡುತ್ತಿದೆ. ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯ. ಓದುವವರು ಇದನ್ನು ಒಂದು ಕಾಲ ಮುಗಿಯುವುದು ಅಂತ ನೋಡುತ್ತಾರೆ. ಯಾರೋ ಸಾಯುತ್ತಾರೆ ಅಂತಲ್ಲ. ಇದು ಬಂದ ದಿನ ಕೇಳಿಕೊಳ್ಳಬೇಕಾದ್ದು: ಮುಗಿದುಹೋದರೂ ನಾನು ಬಿಡದೆ ಹಿಡಿದುಕೊಂಡಿರುವುದು ಏನು?

ಹಂತ 3: ಪ್ರಶ್ನೆ ತಿದ್ದಿಕೊಳ್ಳುವುದು

ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಪ್ರಶ್ನೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

"ಈ ಸಲ ತೊಗರಿ ರೇಟು ಏರುತ್ತಾ?" ಇದಕ್ಕೆ ಗಂಜ್‌ನಲ್ಲಿ ವಿಚಾರಿಸಿ, ಕಾರ್ಡಿನಲ್ಲಿ ಇಲ್ಲ. ಆದರೆ "ರೇಟು ಬಿದ್ದಾಗ ನಾನು ಮನೆಯವರ ಮೇಲೆ ಯಾಕೆ ಸಿಟ್ಟು ಮಾಡುತ್ತೇನೆ?" ಅಂತ ಕೇಳಿದರೆ ಕಾರ್ಡು ಕೆಲಸಕ್ಕೆ ಬರುತ್ತದೆ. "ಅವರು ನನ್ನನ್ನು ಪ್ರೀತಿಸುತ್ತಾರಾ?" ಅನ್ನುವುದು ಬೇರೆಯವರ ಮನಸ್ಸಿನ ಪ್ರಶ್ನೆ, ಅದಕ್ಕೆ ಉತ್ತರ ಇರುವುದು ಅವರ ಬಳಿ. "ಅವರನ್ನು ನೇರವಾಗಿ ಕೇಳಲು ನನಗೇನು ಅಡ್ಡಿ?" ಅನ್ನುವುದು ನಿಮ್ಮದು. "ಬೆಂಗಳೂರಿಗೆ ಹೋಗಲಾ ಬೇಡವಾ?" ಅಂತ ಹೌದು-ಅಲ್ಲದ ಪ್ರಶ್ನೆ ಹಾಕಿದರೆ ಚೀಟಿ ಎತ್ತಿದ ಹಾಗೇ. "ಊರು ಬಿಡುವುದರಲ್ಲಿ ನನಗೆ ನಿಜಕ್ಕೂ ಭಯ ಯಾವುದರದ್ದು?" ಅಂತ ತಿರುಗಿಸಿ.

ನೆನಪಿಟ್ಟುಕೊಳ್ಳುವುದು ಸುಲಭ. ಪ್ರಶ್ನೆಯಲ್ಲಿ "ನಾನು" ಇರಬೇಕು. "ಯಾಕೆ", "ಏನು", "ಹೇಗೆ" ಇರಬೇಕು. "ಆಗುತ್ತಾ", "ಬರುತ್ತಾ", "ಯಾವಾಗ" ಇರಬಾರದು. ಪ್ರಶ್ನೆಯನ್ನು ಬಾಯಲ್ಲಿ ಹೇಳಿಕೊಂಡರೆ ಸಾಲದು, ಕಾರ್ಡ್ ಎತ್ತುವ ಮೊದಲೇ ಬರೆದಿಡಿ. ಬರೆಯದಿದ್ದರೆ ಕಾರ್ಡ್ ನೋಡಿದ ಮೇಲೆ ಪ್ರಶ್ನೆ ಮೆಲ್ಲಗೆ ಬದಲಾಗುತ್ತದೆ, ನಿಮಗೇ ಗೊತ್ತಾಗುವುದಿಲ್ಲ.

ಹಂತ 4: ದಿನಕ್ಕೊಂದು ಕಾರ್ಡ್

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಕಡಿಮೆ ಅಂದರೂ ಒಂದು ತಿಂಗಳು ಇಲ್ಲೇ ಇರಿ.

ಕಾರ್ಡ್‌ಗಳು ಇಸ್ಪೀಟಿಗಿಂತ ದೊಡ್ಡವು, ಕೈಯಲ್ಲಿ ಕಲೆಸಲು ಆಗದಿದ್ದರೆ ಬೋರಲು ಹಾಕಿ ಎರಡೂ ಅಂಗೈಯಿಂದ ಜಮಖಾನದ ಮೇಲೆ ಕಲಸಿ, ಮತ್ತೆ ಒಟ್ಟು ಮಾಡಿ. ಒಂದು ತೆಗೆಯಿರಿ. ತಲೆಕೆಳಗಾಗಿ ಬಂದರೆ ನೇರ ಮಾಡಿಕೊಳ್ಳಿ. ತಲೆಕೆಳಗಾದದ್ದಕ್ಕೆ ಬೇರೆ ಅರ್ಥ ಹೇಳುವ ಪದ್ಧತಿ ಇದೆ, ರಿವರ್ಸಲ್ ಅನ್ನುತ್ತಾರೆ. ಮೊದಲ ಆರು ತಿಂಗಳು ಅದರ ಗೊಡವೆ ಬೇಡ.

ಜೊತೆಗೆ ಬಂದ ಪುಸ್ತಕ ತೆಗೆಯಬೇಡಿ. ಫೋನ್ ಮುಟ್ಟಲೇಬೇಡಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಭಾಗ ಬರೆಯಿರಿ.

ಮೊದಲನೆಯದು, ಕಣ್ಣಿಗೆ ಕಂಡದ್ದು ಮಾತ್ರ. ಉದಾಹರಣೆಗೆ ಟೆನ್ ಆಫ್ ವಾಂಡ್ಸ್, ಹತ್ತು ಕೋಲಿನ ಕಾರ್ಡ್ ಬಂತು ಅನ್ನೋಣ. "ಒಬ್ಬ ಗಂಡಸು ಹತ್ತು ಕೋಲುಗಳನ್ನು ತಬ್ಬಿ ಹೊತ್ತಿದ್ದಾನೆ. ಬೆನ್ನು ಬಾಗಿದೆ. ಮುಖ ಕೋಲುಗಳಲ್ಲಿ ಹುದುಗಿದೆ. ದೂರದಲ್ಲಿ ಮನೆ, ಮರ." ಇಲ್ಲಿ ಒಂದು ಮೋಸ ಇದೆ, ಹುಷಾರು. ಬಹಳ ಜನ "ಪಾಪ, ಸುಸ್ತಾಗಿದ್ದಾನೆ" ಅಂತ ಬರೆಯುತ್ತಾರೆ. ಸುಸ್ತು ಎಲ್ಲಿ ಕಂಡಿತು? ಅವನ ಮುಖವೇ ಕಾಣುವುದಿಲ್ಲ. ಸುಸ್ತು ಅಂದದ್ದು ನೀವು. ಅದನ್ನು ಅಳಿಸಬೇಡಿ, ಅಡಿಗೆರೆ ಹಾಕಿ. ನಾವು ಹುಡುಕುತ್ತಿರುವುದು ಇಂಥದ್ದನ್ನೇ.

ಎರಡನೆಯದು, ಕಣ್ಣು ಮೊದಲು ಎಲ್ಲಿಗೆ ಹೋಯಿತು? ಬೆನ್ನಿಗೋ, ಕೋಲಿಗೋ, ಮನೆಗೋ? ಕೋಲು ಕಂಡವರಿಗೂ ಮನೆ ಕಂಡವರಿಗೂ ಒಂದೇ ಕಾರ್ಡ್ ಎರಡು ಕಾರ್ಡ್ ಆಗುತ್ತದೆ. ಒಬ್ಬರು "ಎಷ್ಟೊಂದು ಭಾರ" ಅನ್ನುತ್ತಾರೆ, ಇನ್ನೊಬ್ಬರು "ಇನ್ನೇನು ಮನೆ ಬಂತು" ಅನ್ನುತ್ತಾರೆ. ಇಬ್ಬರೂ ಸರಿ.

ಮೂರನೆಯದು, ಯಾರು ಅಥವಾ ಏನು ನೆನಪಾಯಿತು? ನಮ್ಮ ಕಡೆಯವರಿಗೆ ಈ ಚಿತ್ರ ನೋಡಿದರೆ, ರಾಶಿ ಮುಗಿದ ಮೇಲೆ ಹೊಲದಿಂದ ತೊಗರಿ ಕಟ್ಟಿಗೆ ಹೊರೆ ಹೊತ್ತು ಬರುವ ಅವ್ವ ನೆನಪಾಗಬಹುದು. ನೆನಪಾದರೆ ಅದನ್ನೇ ಬರೆಯಿರಿ. ಇಂಗ್ಲೆಂಡಿನಲ್ಲಿ ಈ ಚಿತ್ರ ಬರೆದಾಕೆಗೆ ತೊಗರಿ ಕಟ್ಟಿಗೆ ಗೊತ್ತಿರಲಿಲ್ಲ, ಅದರಿಂದ ನಿಮಗೇನೂ ನಷ್ಟವಿಲ್ಲ.

ನಾಲ್ಕನೆಯದು, ಪ್ರಶ್ನೆಗೆ ತಂದು ಜೋಡಿಸುವುದು. ನಿಮ್ಮ ಪ್ರಶ್ನೆ "ಆಫೀಸಿನಲ್ಲಿ ಯಾರು ಏನು ಕೇಳಿದರೂ ನಾನು ಯಾಕೆ ಹೂಂ ಅನ್ನುತ್ತೇನೆ?" ಅಂತಿತ್ತು ಅನ್ನೋಣ. ಆಗ ಬರಹ ಹೀಗೆ ಹರಿಯಬಹುದು: "ಅವ್ವ ಹೊತ್ತ ಹೊರೆ ನಮ್ಮ ಒಲೆಗೆ. ನಾನು ಹೊತ್ತದ್ದು ಯಾರ ಒಲೆಗೆ? ಹತ್ತರಲ್ಲಿ ನನ್ನವು ಎಷ್ಟು? ಅವನ ಹಾಗೆ ಎಲ್ಲ ಮುಖದ ಮುಂದೆ ಹಿಡಿದುಕೊಂಡಿದ್ದರಿಂದ ದಾರಿಯೇ ಕಾಣುತ್ತಿಲ್ಲ." ಕೊನೆಯಲ್ಲಿ ಇವತ್ತು ಮಾಡಬಹುದಾದ ಒಂದು ಸಣ್ಣ ಕೆಲಸ ಬರೆಯಿರಿ. "ಇನ್ಮೇಲೆ ಧೈರ್ಯದಿಂದ ಇರುತ್ತೇನೆ" ಅನ್ನುವುದು ಕೆಲಸವಲ್ಲ. "ಇವತ್ತು ಬರುವ ಒಂದು ಕೆಲಸಕ್ಕೆ, ನಾಳೆ ಹೇಳುತ್ತೇನೆ ಅನ್ನುತ್ತೇನೆ" ಅನ್ನುವುದು ಕೆಲಸ.

ಬರೆಯಲೇಬೇಕಾ, ಮನಸ್ಸಲ್ಲೇ ಯೋಚಿಸಿದರೆ ಆಗದಾ ಅಂತ ಕೇಳುವವರಿದ್ದಾರೆ. ಆಗದು. ಮನಸ್ಸಿನ ಯೋಚನೆ ಸುತ್ತಿದ್ದನ್ನೇ ಸುತ್ತುತ್ತದೆ, ವಾಕ್ಯ ಬರೆದರೆ ಅದು ಮುಂದಕ್ಕೆ ಹೋಗಲೇಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಕಹಿ ಅನುಭವಗಳನ್ನು ಬರೆದರು. ಏನಾಯಿತು, ಏನನಿಸಿತು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಅಲ್ಲಿ ಟ್ಯಾರೋ ಇರಲಿಲ್ಲ, ಗಮನಿಸಿ. ಕೆಲಸ ಮಾಡುವುದು ಬರವಣಿಗೆ. ಖಾಲಿ ಹಾಳೆ ಎದುರು ಕೂತರೆ ಏನು ಬರೆಯಲಿ ಅಂತ ತೋಚುವುದಿಲ್ಲ ಅಲ್ವಾ, ಕಾರ್ಡು ಅಲ್ಲಿ ಸಹಾಯಕ್ಕೆ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಬೇಕಿದ್ದರೆ ಪುಸ್ತಕ ತೆಗೆಯಿರಿ.

ಹಂತ 5: ಪುಸ್ತಕದ ಅರ್ಥ ಎಷ್ಟು ನಂಬಬೇಕು

ಓದಿ, ಆದರೆ ಅದಕ್ಕೆ ಎರಡನೇ ಮಣೆ. ಪುಸ್ತಕದ ಅರ್ಥಗಳು ತಂಪು ದೇಶದಲ್ಲಿ ಕೂತು ಬರೆದವು. ಇದು ಚೆನ್ನಾಗಿ ಕಾಣುವುದು ಸನ್ ಕಾರ್ಡಿನಲ್ಲಿ. ಬಿಳಿ ಕುದುರೆ ಮೇಲೆ ಬೆತ್ತಲೆ ಮಗು, ಕೈಯಲ್ಲಿ ಕೆಂಪು ಬಾವುಟ, ಗೋಡೆಯಾಚೆ ಸೂರ್ಯಕಾಂತಿ, ಮೇಲೆ ಇಡೀ ಆಕಾಶ ತುಂಬಿದ ಸೂರ್ಯ. ಪುಸ್ತಕ ಹೇಳುವುದು ಸಂತೋಷ, ಯಶಸ್ಸು, ಬೆಚ್ಚಗಿನ ಬದುಕು. ಸರಿ, ವರ್ಷದಲ್ಲಿ ನಾಲ್ಕು ಬಿಸಿಲು ಕಾಣದವರಿಗೆ ಸೂರ್ಯ ಅಂದರೆ ಸಂತೋಷವೇ. ಕಲಬುರಗಿಯಲ್ಲಿ ಏಪ್ರಿಲ್ ಕೊನೆಗೆ, ಪಾರಾ 42 ಡಿಗ್ರಿ ದಾಟಿದ ಮಧ್ಯಾಹ್ನ ಈ ಕಾರ್ಡ್ ಎತ್ತಿ ನೋಡಿ. "ಅಯ್ಯೋ, ಆ ಮಗುವಿಗೆ ಟೊಪ್ಪಿಗೆಯೂ ಇಲ್ಲವಲ್ಲ" ಅಂತ ಅನಿಸಿದರೆ ನೀವು ತಪ್ಪು ಓದಿಲ್ಲ. "ಎಲ್ಲರ ಕಣ್ಣು ನನ್ನ ಮೇಲಿದೆ, ನೆರಳೇ ಇಲ್ಲ" ಅನ್ನುವುದು ನಿಮಗೆ ಅದರ ಅರ್ಥ ಆಗಬಹುದು.

ಮೂನ್ ಕಾರ್ಡ್ ಇದರ ಉಲ್ಟಾ. ಚಂದ್ರನ ಕಡೆ ಮುಖ ಮಾಡಿದ ನಾಯಿ, ತೋಳ, ನೀರಿನಿಂದ ಮೇಲೆ ಬರುವ ಏಡಿ. ಪುಸ್ತಕದ ಪ್ರಕಾರ ಭ್ರಮೆ, ಕಳವಳ, ಮೋಸ. ನಾವೋ ಚಂದಮಾಮನನ್ನು ತೋರಿಸಿಯೇ ಮಗುವಿಗೆ ಅನ್ನ ಉಣಿಸುವವರು, ಬೆಳದಿಂಗಳಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಸುವವರು. ಆ ಕಾರ್ಡ್ ನೋಡಿ ಸಮಾಧಾನ ಅನಿಸಿದರೆ ಅದನ್ನೇ ಬರೆಯಿರಿ. ಕೆಳಗೆ ಪುಸ್ತಕದ ಅರ್ಥವನ್ನೂ ಒಂದು ಸಾಲಿನಲ್ಲಿ ಹಾಕಿ. ಎರಡೂ ಹೊಂದದಿದ್ದರೆ ಆ ವ್ಯತ್ಯಾಸದ ಬಗ್ಗೆ ಯೋಚಿಸಲು ಜಾಸ್ತಿ ಸಿಗುತ್ತದೆ.

ಹಾಗಂತ ಎಲ್ಲವನ್ನೂ ತಮಗೆ ಬೇಕಾದ ಹಾಗೆ ಸಿಹಿ ಮಾಡಿಕೊಳ್ಳುವವರೂ ಇದ್ದಾರೆ. ಟವರ್ ಕಾರ್ಡಿನಲ್ಲಿ ಸಿಡಿಲು ಬಡಿದು ಗೋಪುರದ ಕಿರೀಟ ಹಾರಿದೆ, ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಇದನ್ನು ನೋಡಿ "ಪ್ರಮೋಷನ್ ಬರುತ್ತದೆ" ಅಂತ ಬರೆದರೆ ಹಂತ 4ರ ಮೊದಲ ಭಾಗಕ್ಕೆ ವಾಪಸ್ ಹೋಗಿ, ಕಂಡದ್ದನ್ನು ಮತ್ತೆ ಬರೆಯಿರಿ.

ಹಂತ 6: ಮೂರು ಕಾರ್ಡ್

ತಿಂಗಳ ಮೇಲೆ, ವಾರಕ್ಕೊಮ್ಮೆ ಸಾಕು. ಕಾರ್ಡ್‌ಗಳನ್ನು ಗೊತ್ತಾದ ಜಾಗದಲ್ಲಿ ಇಡುವ ಕ್ರಮಕ್ಕೆ ಸ್ಪ್ರೆಡ್ ಅನ್ನುತ್ತಾರೆ. ಎಲ್ಲ ಕಡೆ ಸಿಗುವುದು ಹಿಂದೆ, ಈಗ, ಮುಂದೆ ಅನ್ನುವ ಸ್ಪ್ರೆಡ್. ನಾನು ಅದನ್ನು ಹೇಳುವುದಿಲ್ಲ. ಮೂರನೇ ಕಾರ್ಡಿಗೆ "ಮುಂದೆ" ಅಂತ ಹೆಸರಿಟ್ಟ ಕೂಡಲೇ ಮನಸ್ಸು ಭವಿಷ್ಯಕ್ಕೆ ಜಾರುತ್ತದೆ. ಬದಲಿಗೆ ಹೀಗೆ ಇಡಿ: ಎಡಕ್ಕೆ "ನಾನು ಈಗ ಇರುವ ರೀತಿ", ನಡುವೆ "ನಾನು ನೋಡದೆ ಬಿಟ್ಟದ್ದು", ಬಲಕ್ಕೆ "ನನ್ನ ಕೈಯಲ್ಲಿರುವುದು".

ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ಸರ್ಕಾರಿ ನೌಕರಿಗೆ ಅರ್ಜಿ ಹಾಕಿ, ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಿರುವವರು ನಮ್ಮಲ್ಲಿ ಬಹಳ. ಅಂಥವರೊಬ್ಬರ ಪ್ರಶ್ನೆ: "ಕಾಯುವ ಈ ಕಾಲವನ್ನು ನಾನು ಹೇಗೆ ಕಳೆಯುತ್ತಿದ್ದೇನೆ?" ಬಂದ ಕಾರ್ಡ್‌ಗಳು ಇವು ಅಂದುಕೊಳ್ಳಿ. ಎಡಕ್ಕೆ ಫೋರ್ ಆಫ್ ಕಪ್ಸ್: ಮರದ ಕೆಳಗೆ ಕೈಕಟ್ಟಿ ಕೂತ ಯುವಕ, ಮುಂದೆ ಮೂರು ಬಟ್ಟಲು, ಮೋಡದಿಂದ ಬಂದ ಕೈಯೊಂದು ನಾಲ್ಕನೆಯದನ್ನು ಚಾಚಿದೆ, ಅವನು ನೋಡುತ್ತಿಲ್ಲ. ನಡುವೆ ಟೂ ಆಫ್ ಸ್ವೋರ್ಡ್ಸ್: ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸು ಎದೆಯ ಮೇಲೆ ಎರಡು ಕತ್ತಿ ಅಡ್ಡ ಹಿಡಿದಿದ್ದಾಳೆ, ಹಿಂದೆ ನೀರು. ಬಲಕ್ಕೆ ಏಟ್ ಆಫ್ ಪೆಂಟಕಲ್ಸ್: ಬೆಂಚಿನ ಮೇಲೆ ಕೂತು ಒಂದೊಂದೇ ನಾಣ್ಯ ಕೆತ್ತುವ ಕುಶಲಕರ್ಮಿ, ಊರು ಹಿಂದೆ ದೂರದಲ್ಲಿದೆ.

ಒಂದೊಂದನ್ನೂ ಬೇರೆ ಬೇರೆ ಓದಿ ಮುಗಿಸಬೇಡಿ. ಮೂರನ್ನೂ ಒಟ್ಟಿಗೆ ನೋಡಿ. ಯಾರು ಯಾವ ಕಡೆ ನೋಡುತ್ತಿದ್ದಾರೆ? ಕೈಗಳು ಏನು ಮಾಡುತ್ತಿವೆ? ಮೊದಲನೆಯವನ ಕೈ ಕಟ್ಟಿದೆ, ಎರಡನೆಯವಳದು ಅಡ್ಡ ಇದೆ, ಮೂರನೆಯವನದು ಕೆಲಸದಲ್ಲಿದೆ. ಕೈಗಳ ಕಥೆಯೇ ಉತ್ತರದ ದಾರಿ ತೋರಿಸಬಹುದು: ಬಂದ ಸಣ್ಣ ಕೆಲಸಗಳನ್ನು "ಇದು ನನ್ನ ಮಟ್ಟದ್ದಲ್ಲ" ಅಂತ ಬಿಡುತ್ತಿದ್ದೇನಾ? ಸರ್ಕಾರಿ ನೌಕರಿ ಇಲ್ಲವೆ ಏನೂ ಇಲ್ಲ ಅಂತ ಎರಡು ಕತ್ತಿ ಹಿಡಿದು ಕೂತಿದ್ದೇನಾ? ಇದು ಅವರ ಓದು. ನೀವು ಇದೇ ಮೂರನ್ನು ಎತ್ತಿದರೆ ಬೇರೆ ಏನೋ ಬರುತ್ತದೆ, ಬರಬೇಕು.

ಹತ್ತು ಕಾರ್ಡಿನ ಸೆಲ್ಟಿಕ್ ಕ್ರಾಸ್ ಅನ್ನುವುದೊಂದಿದೆ. ಫೋಟೋದಲ್ಲಿ ಚೆಂದ ಕಾಣುತ್ತದೆ. ಈಗ ಬೇಡ.

ಹಂತ 7: ತಿಂಗಳ ಕೊನೆಗೆ ತಿರುಗಿ ಓದುವುದು

ಬರೆದದ್ದನ್ನು ಮೊದಲ ಪುಟದಿಂದ ಓದಿ. ಯಾವ ಕಾರ್ಡ್ ಎಷ್ಟು ಸಲ ಬಂತು ಅನ್ನುವ ಲೆಕ್ಕ ಬೇಡ. ಕಲಸಿದ ಕಾರ್ಡಿನಲ್ಲಿ ಒಂದೇ ಎರಡು ಮೂರು ಸಲ ಬರುವುದು ಸಹಜ. ನಿಮ್ಮ ಮಾತುಗಳಲ್ಲಿ ಯಾವುದು ಮತ್ತೆ ಮತ್ತೆ ಬಂತು ಅಂತ ನೋಡಿ. ಬೇರೆ ಬೇರೆ ಕಾರ್ಡಿನ ಎದುರು ನೀವು "ಒಬ್ಬನೇ" ಅಥವಾ "ಯಾರಿಗೂ ಗೊತ್ತಾಗಬಾರದು" ಅಂತಲೇ ಬರೆದಿದ್ದರೆ, ಅದು ಕಾರ್ಡಿನದ್ದಲ್ಲ, ನಿಮ್ಮದು. ಕೊನೇ ಪುಟದ ಇಷ್ಟವಾಗದ ಪಟ್ಟಿಯನ್ನೂ ತೆಗೆಯಿರಿ. ಈಗಲೂ ಅವೇ ಇಷ್ಟವಿಲ್ಲವಾ?

ಇನ್ನೊಂದು ಪರೀಕ್ಷೆ ಮಾಡಿಕೊಳ್ಳಿ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ "ನಿಮ್ಮ" ಫಲಿತಾಂಶ ಅಂತ ಒಂದು ಹಾಳೆ ಹಂಚಿದ. ಎಷ್ಟು ಸರಿ ಇದೆ, 5ಕ್ಕೆ ಅಂಕ ಕೊಡಿ ಅಂದ. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ, ಸಾಲುಗಳನ್ನು ಆತ ಜ್ಯೋತಿಷದ ಒಂದು ಪುಸ್ತಕದಿಂದ ಆರಿಸಿದ್ದ. "ಹೊರಗೆ ಗಟ್ಟಿ, ಒಳಗೆ ಅಳುಕು" ಅನ್ನುವಂಥ ಮಾತು ಯಾರಿಗೆ ಹೊಂದುವುದಿಲ್ಲ ಹೇಳಿ? ನಿಮ್ಮ ನೋಟ್‌ಬುಕ್ಕಿನಲ್ಲೂ ಇಂಥ ಸಾಲುಗಳಿರುತ್ತವೆ. ಪಕ್ಕದ ಮನೆಯವರಿಗೂ ಹೊಂದುವ ಸಾಲು ಕಂಡರೆ ಹೊಡೆದು ಹಾಕಿ. ಹೆಸರು, ಜಾಗ, ದಿನ ಇರುವ ಸಾಲುಗಳನ್ನು ಉಳಿಸಿ.

ಜನ ಸಿಕ್ಕಿಬೀಳುವ ಜಾಗಗಳು

ಮೊದಲನೆಯದು, ಹಿಡಿಸದ ಕಾರ್ಡ್ ಬಂದರೆ ಇನ್ನೊಂದು ಎತ್ತುವುದು. ಹಿಡಿಸದ್ದನ್ನೇ ಆ ದಿನ ಇಟ್ಟುಕೊಳ್ಳಿ, ಕೈ ತಡೆಯದಿದ್ದರೆ "ಇದು ಯಾಕೆ ಬೇಡ ಅನಿಸಿತು" ಅಂತ ಬರೆಯಿರಿ. ಇನ್ನೊಂದು, ಸಣ್ಣದಕ್ಕೆಲ್ಲ ಕಾರ್ಡ್ ಕೇಳುವ ಚಟ. ಯಾವ ಸೀರೆ ಉಡಲಿ ಅನ್ನುವವರೆಗೆ ಬಂತು ಅಂದರೆ ಒಂದು ವಾರ ಪೆಟ್ಟಿಗೆ ಮುಚ್ಚಿ. ಕಾಯಿಲೆ, ಔಷಧ, ಕೋರ್ಟು, ಸಾಲ, ಜಮೀನು ವ್ಯವಹಾರ ಇವನ್ನು ಕಾರ್ಡಿನ ಮುಂದೆ ತರಲೇಬೇಡಿ. ಅದಕ್ಕೆ ಡಾಕ್ಟರು, ವಕೀಲರು, ಬ್ಯಾಂಕಿನವರು ಇದ್ದಾರೆ.

ಮತ್ತೆ ದುಡ್ಡು. ಆನ್‌ಲೈನ್‌ನಲ್ಲಿ ಯಾರೋ ನಿಮಗೆ ಕಾರ್ಡ್ ಓದಿ, "ನಿಮ್ಮ ಮೇಲೆ ದೋಷ ಇದೆ, ಪರಿಹಾರಕ್ಕೆ ಇಷ್ಟು ಕಳಿಸಿ" ಅಂದರೆ ಮಾತು ಅಲ್ಲಿಗೇ ಕತ್ತರಿಸಿ. 78 ಕಾರ್ಡಿನಲ್ಲಿ ದೋಷ ಅನ್ನುವ ಕಾರ್ಡ್ ಒಂದೂ ಇಲ್ಲ.

ಕೆಲವು ದಿನಗಳಲ್ಲಿ ಕಾರ್ಡ್ ಮುಟ್ಟದಿರುವುದೇ ಒಳ್ಳೆಯದು. ಮನೆಯಲ್ಲಿ ಸಾವಾಗಿ ಇನ್ನೂ ಹಸಿ ಇರುವಾಗ, ವಾರಗಟ್ಟಲೆ ನಿದ್ದೆ ಇಲ್ಲದಾಗ, ಚಿತ್ರ ನೋಡಿದರೆ ಎದೆ ಬಡಿತ ಜಾಸ್ತಿಯಾಗುವಾಗ. ನೈನ್ ಆಫ್ ಸ್ವೋರ್ಡ್ಸ್‌ನಲ್ಲಿ ಒಬ್ಬರು ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡಿದ್ದಾರೆ, ಹಿಂದಿನ ಕತ್ತಲಲ್ಲಿ ಒಂಬತ್ತು ಕತ್ತಿ. ನಿಮ್ಮ ರಾತ್ರಿಗಳೇ ಹಾಗಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ, ನೋಟ್‌ಬುಕ್ ಸಾಲದು. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಬೇರೆಯವರಿಗೆ ಓದಬಹುದಾ?

ನಿಮ್ಮ ಹತ್ತಿರ ಡೆಕ್ ಇದೆ ಅಂತ ಗೊತ್ತಾದ ಮೇಲೆ ಓಣಿಯವರು ಸುಮ್ಮನಿರುವುದಿಲ್ಲ. "ನಮ್ಮದೂ ಒಂದು ನೋಡ್ರಿ" ಅಂತ ಬರುತ್ತಾರೆ. ಆರು ತಿಂಗಳು ಬೇಡ ಅನ್ನಿ. ಆಮೇಲೂ ಅರ್ಥ ಹೇಳಲು ಹೋಗಬೇಡಿ, ನೀವು ಹೇಳಿದ್ದನ್ನು ಅವರು ಮಗಳ ಮದುವೆಗೋ ಅಂಗಡಿ ವ್ಯವಹಾರಕ್ಕೋ ಹಚ್ಚಿಬಿಡುತ್ತಾರೆ. ಕಾರ್ಡನ್ನು ಅವರ ಕೈಗೇ ಕೊಟ್ಟು "ಏನು ಕಾಣುತ್ತದೆ ಹೇಳಿ" ಅನ್ನಿ. ಅವರು ಮಾತಾಡಲಿ, ನೀವು ಕೇಳಿ. ನಡುನಡುವೆ "ಅದು ಎಲ್ಲಿ ಕಂಡಿತು?" ಅಂತ ಕೇಳಿದರೆ ಸಾಕು. ಕೇಳಿದ್ದನ್ನು ಇನ್ನೊಬ್ಬರ ಮುಂದೆ ಆಡಬೇಡಿ. ದುಡ್ಡು ತೆಗೆದುಕೊಳ್ಳಬೇಡಿ, ಚಹಾ ಕುಡಿಯಬಹುದು.